ಈಶಪ್ಪನವರ ಹಣೆಯ ಮೇಲೆ ಉದ್ದ ಗೆರೆ

ನಿರ್ಮಲಾಳ ಕಣ್ಣು ಹೇಗಿವೆ ಎಂಬುದು ಸರ್ಕಾರಕ್ಕೆ ಇವತ್ತಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಆಕೆ ನಿದ್ದೆ ಮಾಡುತ್ತಿದ್ದಾಳೆ. ರೇಷನ್ ಕಾರ್ಡಿನಲ್ಲಿ ಧ್ಯಾನ ಮಾಡುತ್ತಿದ್ದಾಳೆ. ಮತದಾರರ ಚೀಟಿಯಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮುಚ್ಚಲೋ ಬೇಡವೋ ಎಂದು ವಿಚಾರ ಮಾಡುತ್ತಿದ್ದಾಳೆ. ಇಪ್ಪತ್ನಾಲ್ಕು ವರ್ಷದ ಹಿಂದಿನ ಮದುವೆಯ ಆಲ್ಬಮಿನಲ್ಲಿ ನೂರಾ ಹನ್ನೆರಡು ಫೋಟೋಗಳಿವೆ. ನೂರಾ ಹನ್ನೆರಡರಲ್ಲೂ ಮದುಮಗಳ ಕಣ್ಣು ಮುಚ್ಚಿವೆ. ಆಲ್ಬಮ್ ನೋಡಿದವರು, ಈ ಹುಡುಗಿಗೆ ಈ ಗಂಡು ಒಪ್ಪಿಗೆಯಿತ್ತೋ ಇಲ್ಲವೋ ಎಂದು ಒಮ್ಮೆ ಸಿದ್ದಲಿಂಗನ ಮುಖ ನೋಡಿಯೇ ಪುಟ ತಿರುವುತ್ತಾರೆ.

ಸಿದ್ದಲಿಂಗ ಆಕೆಯ ಗಂಡ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಅವನದು ಸೀರೆ-ಖಣದ ಅಂಗಡಿ. ಮನುಷ್ಯ ಒಳ್ಳೆಯವನು, ಅಳತೆಯಲ್ಲಿ ಒಂದು ಬೆರಳೂ ಕಡಿಮೆ ಕೊಡುವವನಲ್ಲ. ಆದರೆ ಒಂದು ಹುಚ್ಚು ಹಿಡಿಯಿತೆಂದರೆ ಅವನನ್ನು ಹಿಡಿಯುವವರಿಲ್ಲ. ಮೂರು ವರ್ಷದ ಹಿಂದೆ ಜೇನು ಸಾಕುವ ಹುಚ್ಚು ಹಿಡಿದು, ಅಂಗಡಿಯ ಮಾಳಿಗೆಯ ಮೇಲೆ ಪೆಟ್ಟಿಗೆ ಇಟ್ಟು, ಮದುವೆ ಜವಳಿಗೆ ಬಂದ ಇಡೀ ಬೀಗರ ಗುಂಪನ್ನು ದವಾಖಾನೆಗೆ ಕಳಿಸಿದ್ದ. ಈ ಸಲ ಹಿಡಿದದ್ದು ಕ್ಯಾಮೆರಾ ಹುಚ್ಚು. ನರಗುಂದದಲ್ಲಿ ಸ್ಟುಡಿಯೋ ಮುಚ್ಚಿದ ಸಲಾವುದ್ದೀನ ಚಾಚಾನ ಹತ್ತಿರ ಒಂದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡು ತಂದಿದ್ದ. ರೀಲು ಹಾಕಿ ತೆಗೆಯುವಂಥದ್ದು. ಅದರ ಜೊತೆಗೆ ಬಂದ ಲೆನ್ಸು ಬಯಲು, ಗುಡ್ಡ, ಬಸ್ಸುಗಳಿಗೆ ಹೇಳಿ ಮಾಡಿಸಿದ್ದು. ಮುಖದ ಹತ್ತಿರ ಹಿಡಿದರೆ ಮಾತ್ರ ಮೂಗು ಮೊದಲು ಬರುತ್ತಿತ್ತು, ಮನುಷ್ಯ ಆಮೇಲೆ.

ಹೀಗಿರುವಾಗ ರೋಣದಲ್ಲಿ ನಿರ್ಮಲಾಳ ಅಣ್ಣ ಹಾಲೇಶನ ಹೊಸಮನೆಯ ಗೃಹಪ್ರವೇಶ ಬಂತು. ಊಟವಾದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ನಿಂತರು. ಹದಿನೇಳು ಮೊಬೈಲುಗಳಲ್ಲಿ ನಿರ್ಮಲಾ ಹದಿನೇಳು ಸಲ ಕಣ್ಣು ಮುಚ್ಚಿದಳು. ಹಾಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಾಮಾರ, ನಮ್ಮ ತಂಗಿ ನಿಮ್ಮನ್ನ ಮದುವ್ಯಾದ ದಿನಾ ಕಣ್ಣ ಮುಚ್ಚಿದಾಕಿ, ಇನ್ನೂ ಬಿಟ್ಟಿಲ್ಲ ನೋಡ್ರಿ!"

ನಲವತ್ತು ಜನ ನಕ್ಕರು. ನಿರ್ಮಲಾ ನಗಲಿಲ್ಲ. ಆಕೆಗೆ ನೋವಾಗಿತ್ತು, ಮತ್ತು ಅದು ಸಿದ್ದಲಿಂಗನಿಗೆ ಕಂಡಿತು. ಕಂಡ ತಕ್ಷಣ ಅವನು ಎದ್ದು ನಿಂತ. ಎದ್ದು ನಿಂತು ಮಾತಾಡಿದಾಗಲೆಲ್ಲ ಅವನಿಗೆ ಕೆಡುಕೇ ಆಗಿದೆ, ಆದರೂ ನಿಂತ.

"ಹಾಲೇಶಣ್ಣ, ಮೊಬೈಲ್‌ದಾಗ ಮಾರಿ ಬರೂದಿಲ್ಲೋ. ಮಾರಿ ಫೋಟೋ ಅಂದ್ರ ಅದಕ್ಕ ಬ್ಯಾರೆ ಲೆನ್ಸ ಇರ್ತೈತಿ. ಹಳೀ ಕಾಲದ್ದು, ಖರೇ ಗಾಜಿಂದು. ಅಂಥಾದ್ದೊಂದ ತಂದು ಇಕಿದು ಕಣ್ಣ ಬಿಟ್ಟದ್ದ ಫೋಟೋ ತಗದು, ನಿಮ್ಮ ಈ ಪಡಸಾಲ್ಯಾಗ ತೂಗ ಹಾಕ್ಲಿಲ್ಲಂದ್ರ ನನ್ನ ಹೆಸರು ಸಿದ್ದಲಿಂಗಲ್ಲ!"

ನಿರ್ಮಲಾ ಗಂಡನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಒಂದ ಸಲ. ಒಂದ ಕ್ಲಿಕ್ಕು. ಬಂದ್ರ ಬಂತು. ಇಲ್ಲಂದ್ರ ಈ ಜನ್ಮದಾಗ ಯಾರೂ ನನ್ನ ಕಡೆ ಕ್ಯಾಮೆರಾ ತಿರುವಬಾರ್ದು. ನೀವೂ."

ಮರುದಿನವೇ ಸಿದ್ದಲಿಂಗ ನರಗುಂದದ ಬಸ್ಸು ಹತ್ತಿದ.

ಸಲಾವುದ್ದೀನ ಚಾಚಾನಿಗೆ ಎಪ್ಪತ್ತು ದಾಟಿದೆ. ಸ್ಟುಡಿಯೋ ಮುಚ್ಚಿದರೂ ರೀಲು ತೊಳೆಯುವ ಕೆಲಸವನ್ನು ಬಚ್ಚಲಿನಲ್ಲಿ ನಡೆಸಿದ್ದ. ಇದರಿಂದ ಅವನ ಹೆಂಡತಿ ಮಕ್ತುಮಬಿ ಮೈ ತೊಳೆಯಬೇಕಾದರೂ ಫೋಟೋಗಳ ಅಪ್ಪಣೆ ಕೇಳಬೇಕಾಗಿತ್ತು. ಚಾಚಾ ಕಪಾಟಿನಿಂದ ಮಖಮಲ್ಲಿನ ಗಂಟೊಂದನ್ನು ತೆಗೆದು ಮೂರು ಲೆನ್ಸುಗಳನ್ನು ಸಾಲಾಗಿ ಇಟ್ಟ.

"ಇದು ಜರ್ಮನಿದು, ತೊಂಬತ್ತು ಮಿಲಿಮೀಟರಿಂದು. ಇದರಾಗ ತಗದ್ರ ಹುಬ್ಬಿನ ಕೂದಲಾ ಎಣಸಬಹುದು. ಇದರ ರೊಕ್ಕದಾಗ ಹಯನದ ಎಮ್ಮಿ ಬರ್ತೈತ್ರಿ. ಇದು ಜಪಾನದ್ದು, ನೂರು. ಹಗೂರ, ಕಿಸೇದಾಗ ಇಟ್ರೂ ಗೊತ್ತಾಗಂಗಿಲ್ಲ. ಇದಕ್ಕ ಎಮ್ಮಿ ಬರೂದಿಲ್ಲ, ಎಮ್ಮಿ ಕರಾ ಬರ್ತೈತಿ. ಇದು ರಷ್ಯಾದ್ದು, ಎಂಬತ್ತೈದು. ವಜ್ಜಿ, ಕೈ ಜಗ್ಗತೈತಿ. ಗಾಜಿನ ಮ್ಯಾಲ ಎರಡ ಗೀರ ಅದಾವ. ಆದ್ರ ಬೆಳಕ ಭಾಳ ಕುಡೀತೈತಿ, ಮಾರಿ ಬೆಣ್ಣಿಗತೆ ಬರ್ತೈತಿ. ರೊಕ್ಕ ಒಂದ ಆಡಿಂದು."

"ಯಾವುದ್ ತಗೊಳ್ಳಲಿ ಚಾಚಾ?"

"ನಾ ಹೇಳಂಗಿಲ್ಲ. ಮೂರೂ ಒಯ್ರಿ. ಮನೀ ಮಂದೀ ಮಾರಿ ತಗೀರಿ, ರೀಲ ತಂದ ಕೊಡ್ರಿ. ನಿಮ್ಮ ಮನಸಿಗೆ ಬಂದದ್ದ ಒಂದ ಇಟಗೊಂಡು ಎರಡ ವಾಪಸ್ ಕೊಡ್ರಿ."

ಎಮ್ಮೆ, ಕರು, ಆಡು ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಸಿದ್ದಲಿಂಗ ಊರಿಗೆ ಬಂದ. ಬಸ್ಸಿನಲ್ಲಿ ಯಾರಾದರೂ ಚೀಲಕ್ಕೆ ತಾಗಿದರೆ, ಕೂಸು ಮಲಗಿದೆ ಎಂಬಂತೆ ಬೈದ.

ಪರೀಕ್ಷೆಗೆ ಮೊದಲ ಮುಖ ಅವನ ತಂದೆ ಈಶಪ್ಪನವರದು. ಎಂಬತ್ತರ ಈಶಪ್ಪನವರು ಊರಿಗೆ ಹಿರಿಯರು. ಮಠದ ಕೆಲಸವೆಂದರೆ ಅವರೇ ಮುಂದೆ. ಸ್ನಾನ, ಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಅಲ್ಲಾಡುವವರಲ್ಲ. ಫೋಟೋಕ್ಕೆ ಇದಕ್ಕಿಂತ ಏನು ಬೇಕು?

ಈ ಕ್ಯಾಮೆರಾದಲ್ಲಿ ಹೊಂದಿಸುವ ಬಗೆ ಹೀಗೆ. ಸಣ್ಣ ಕಿಂಡಿಯಲ್ಲಿ ನೋಡಿದರೆ ನಡುವೆ ಒಂದು ಹಳದಿ ಚೌಕ. ಆ ಚೌಕದೊಳಗೆ ಎದುರಿನ ವಸ್ತು ಎರಡೆರಡಾಗಿ, ಪಕ್ಕಪಕ್ಕದಲ್ಲಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸಿದಂತೆ ಎರಡೂ ಸರಿದು ಸರಿದು ಒಂದಾಗುತ್ತವೆ. ಒಂದಾದ ಗಳಿಗೆಯಲ್ಲಿ ಒತ್ತಬೇಕು. ಮುಖದ ಲೆನ್ಸಿನಲ್ಲಿ ನಾಲ್ಕು ಬೆರಳು ಹೆಚ್ಚುಕಡಿಮೆಯಾದರೂ ಚಿತ್ರ ಮಸುಕು. ಸಿದ್ದಲಿಂಗ ಕಿಂಡಿಯಲ್ಲಿ ನೋಡಿದ. ಎದುರಿಗೆ ತಂದೆಯ ಹಣೆ, ಹಣೆಯ ಮೇಲೆ ಅಚ್ಚಬಿಳಿಯ ಮೂರು ಗೆರೆ. ಹೊಂದಿಸಲು ಇದಕ್ಕಿಂತ ಸ್ಪಷ್ಟವಾದ ಗುರುತು ಜಗತ್ತಿನಲ್ಲಿಯೇ ಇಲ್ಲವೆಂದು ಅವನಿಗೆ ಅನ್ನಿಸಿತು. ನೋಡಿದರೆ, ಆಹಾ, ಗೆರೆಗಳು ಆಗಲೇ ಒಂದಾಗಿವೆ! ಒತ್ತಿದ. ಲೆನ್ಸು ಬದಲಿಸಿದ. ಮತ್ತೆ ನೋಡಿದ. ಆಗಲೂ ಒಂದಾಗಿವೆ! ಒತ್ತಿದ. ಪಕ್ಕದ ಚಹಾದಂಗಡಿಯ ಹನಮಪ್ಪನನ್ನು ಕೂರಿಸಿದ. ಅವನ ಹಣೆಯ ಮೇಲೂ ವಿಭೂತಿ, ಅದೂ ಆಗಲೇ ಒಂದಾಗಿದೆ. ಕೈ ಇಟ್ಟಲ್ಲೆಲ್ಲ ಗೆಲುವು. ಇಷ್ಟು ಸುಲಭದ ಕೆಲಸಕ್ಕೆ ಜನ ಜೀವಮಾನವನ್ನೆಲ್ಲ ಯಾಕೆ ಸವೆಸುತ್ತಾರೋ ಎಂದು ಅವನಿಗೆ ಕನಿಕರ ಬಂತು.

ರೀಲು ನರಗುಂದಕ್ಕೆ ಹೋದ ನಾಲ್ಕನೆಯ ದಿನ ಚಾಚಾನ ಫೋನು ಬಂತು.

"ಸಿದ್ದಣ್ಣ, ನಿಮ್ಮಪ್ಪಾರ ಹಿಂದ ಗ್ವಾಡಿ ಮ್ಯಾಲ ಕ್ಯಾಲೆಂಡರ್ ಐತಲ್ಲ, ಅದರಾಗ ರಾಹುಕಾಲ ಸುದ್ದಾ ಓದಾಕ ಬರ್ತೈತಿ. ನಿಮ್ಮಪ್ಪಾರು ಮಾತ್ರ ಮೋಡ ಆಗ್ಯಾರ."

"ಅಂದ್ರ ಲೆನ್ಸ ಕೆಟ್ಟಾವ ಚಾಚಾ!"

"ಮೂರು ದೇಶದ ಲೆನ್ಸ ಕೂಡಿ ಸುಳ್ಳ ಹೇಳತಾವೇನ್ರಿ? ಏನ ನೋಡಿ ಹೊಂದಿಸಿದ್ರಿ?"

"ಹಣಿ ಮ್ಯಾಲಿನ ವಿಭೂತಿ ನೋಡಿ."

"ಯಾ ಅಲ್ಲಾ. ಅದು ಅಡ್ಡ ಗೆರಿ ಅಲ್ಲೇನ್ರಿ! ಕಿಂಡ್ಯಾಗಿನ ಚಿತ್ರ ಎಡಕ್ಕ ಬಲಕ್ಕ ಸರೀತಾವ. ಅಡ್ಡ ಗೆರಿ ಅಡ್ಡಕ್ಕ ಸರದ್ರ ಸರದದ್ದ ಗೊತ್ತಾಗೂದಿಲ್ಲ, ಯಾವಾಗ ನೋಡಿದ್ರೂ ಕೂಡಿದಂಗ ಕಾಣ್ತೈತಿ. ಉದ್ದ ಗೆರಿ ಹಿಡೀರಿ ಸಿದ್ದಣ್ಣ, ಉದ್ದ ಗೆರಿ!" ಅಷ್ಟರಲ್ಲಿ ಬಚ್ಚಲಿನ ಬಗ್ಗೆ ಮಕ್ತುಮಬಿಯ ಕೂಗು ಕೇಳಿಸಿ ಫೋನು ಕಟ್ಟಾಯಿತು.

ಉದ್ದ ಗೆರೆ ಎಲ್ಲಿಂದ ತರಬೇಕು ಎಂದು ಬೇರೆ ಯಾರಾದರೂ ಅರ್ಧ ಗಳಿಗೆ ಯೋಚಿಸುತ್ತಿದ್ದರು. ಸಿದ್ದಲಿಂಗ ವ್ಯಾಪಾರಸ್ಥ, ಅಂಗಡಿಯಲ್ಲಿ ಇಲ್ಲದ ಮಾಲನ್ನು ಹಿಂದಿನ ಬಾಗಿಲಿನಿಂದ ತರಿಸಿಯಾದರೂ ಕೊಡುವವನು. ಬಟ್ಟೆಗೆ ಗುರುತು ಹಾಕುವ ಕೆಂಪು ಚಾಕ್‌ಪೀಸನ್ನು ನೀರಿಗೆ ಅದ್ದಿ, ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ತಂದೆಯ ಹಣೆಯ ಮೇಲೆ, ವಿಭೂತಿಯ ಮೂರೂ ಗೆರೆಗಳನ್ನು ಸೀಳಿಕೊಂಡು ಹೋಗುವಂತೆ, ಕೂದಲಿನಿಂದ ಮೂಗಿನ ಬುಡದವರೆಗೆ ನೆಟ್ಟಗೆ ಒಂದು ಗೆರೆ ಎಳೆದ.

"ಏನ್ ಮಾಡ್ತಿಯೋ?" ಈಶಪ್ಪನವರು ಒಂದು ಕಣ್ಣು ಬಿಟ್ಟರು.

"ಹೊಂದಸ್ತೀನಿ ಅಪ್ಪಾ. ಅಲ್ಲಾಡಬ್ಯಾಡ."

"ಲಗೂ ಮುಗಸು. ನನ್ನ ಚಹಾದ ಟೈಮ್ ಆತು."

ಈಗ ಕಿಂಡಿಯಲ್ಲಿ ಎರಡು ಕೆಂಪು ಗೆರೆ! ಬಳೆ ತಿರುಗಿಸಿದರೆ ಅವು ಹತ್ತಿರ ಹತ್ತಿರ ಬಂದು, ಮುಟ್ಟಿ, ಒಂದರಲ್ಲೊಂದು ಸೇರಿಹೋದವು. ಸಿದ್ದಲಿಂಗ ಖುಷಿಯಿಂದ ಕೂಗಿಯೇಬಿಟ್ಟ. ಮೂರೂ ಲೆನ್ಸಿನಲ್ಲಿ ತೆಗೆದ. ಹನಮಪ್ಪನನ್ನು ಎಳೆದು ತಂದು ಅವನಿಗೂ ಒಂದು ಗೆರೆ. ಅದೇ ಹೊತ್ತಿಗೆ ಮಗಳ ಸೀಮಂತಕ್ಕೆ ಸೀರೆ ಕೊಳ್ಳಲು ಮೆಣಸಗಿಯಿಂದ ಬಂದಿದ್ದ ಕನಕಪ್ಪ ಎಂಬ ರೈತನಿಗೂ ಒಂದು ಗೆರೆ. ಕನಕಪ್ಪ ಇದು ಅಂಗಡಿಯ ಮರ್ಯಾದೆಯೆಂದು ತಿಳಿದು ತಲೆಬಾಗಿ ಹಚ್ಚಿಸಿಕೊಂಡ. ಹೊಸ ರೀಲಿನ ಮೂವತ್ತೈದು ಫೋಟೋ ಮುಗಿದವು. ರೀಲಿನಲ್ಲಿ ಒಂದೇ ಒಂದು ಉಳಿಯಿತು. ಅದನ್ನು ನಿರ್ಮಲಾಳಿಗೆಂದು ಇಟ್ಟು, ಸಿದ್ದಲಿಂಗ ಗೆಲುವಿನ ಸಂಭ್ರಮದಲ್ಲಿ ಒಂದೇ ಒಂದು ಸಣ್ಣ ಕೆಲಸ ಮರೆತ. ಹಣೆ ಒರೆಸಲಿಲ್ಲ.

ಈಶಪ್ಪನವರು ಕೋಲು ಹಿಡಿದು ಎದ್ದರು. ನಿತ್ಯದಂತೆ ಮಠಕ್ಕೆ ಹೋಗಿ, ಗದ್ದುಗೆಗೆ ನಮಸ್ಕಾರ ಮಾಡಿ, ಪೇಟೆಯಲ್ಲೆಲ್ಲ ನಿಂತು ನಿಂತು ಮಾತಾಡಿಸಿ, ಚಹಾ ಕುಡಿದು ಮನೆಗೆ ಬಂದರು. ಜನ ಎಂದಿಗಿಂತ ಹೆಚ್ಚು ಹೊತ್ತು ತಮ್ಮ ಮುಖ ನೋಡಿದ್ದು ಅವರಿಗೆ ಬಹಳ ಸಂತೋಷ ಕೊಟ್ಟಿತ್ತು. ಹನಮಪ್ಪ ಅದೇ ಹಣೆಯಲ್ಲಿ ಚಹಾ ಸೋಸಿದ. ಕನಕಪ್ಪ ಅದೇ ಹಣೆಯಲ್ಲಿ ಬಸ್ಸು ಹತ್ತಿ ಮೆಣಸಗಿಯಲ್ಲಿ ಇಳಿದು, ಕೇಳಿದವರಿಗೆಲ್ಲ, "ಸಾಹುಕಾರ್ರ ಅಂಗಡ್ಯಾಗ ಈಗ ಎಲ್ಲಾರಿಗೂ ಹಚ್ಚಿ ಕಳಸ್ತಾರ" ಎಂದ.

ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ನಿಂತಿತ್ತು: ಈಶಪ್ಪನವರ ಮನೆತನ ವಿಭೂತಿ ಬಿಟ್ಟು ನಾಮಕ್ಕೆ ಹೋಯಿತು. "ಸೀರಿ ಕೊಳ್ಳಾಕ ಬಂದವ್ರಿಗೆ ನಾಮ ಹಾಕ್ತಾನಂತ ಗೊತ್ತಿತ್ತು, ಹಡದ ಅಪ್ಪಗೂ ಹಾಕ್ಯಾನಲ್ಲೋ!" ಎಂದು ಎದುರಂಗಡಿಯವನು ಎರಡು ಸಲ ಹೇಳಿದ; ಮೊದಲ ಸಲ ಯಾರೂ ನಕ್ಕಿರಲಿಲ್ಲ.

ನಿರ್ಮಲಾ ಆ ದಿನ ರಾಜೂರಿನಲ್ಲಿ, ಈಶಪ್ಪನವರ ತಂಗಿ ಸಿದ್ದಲಿಂಗವ್ವನ ಮನೆಯಲ್ಲಿದ್ದಳು. ಶ್ಯಾವಿಗೆ ಹೊಸೆಯುತ್ತಿದ್ದ ಇಬ್ಬರಿಗೂ ಸುದ್ದಿ ಮುಟ್ಟಿತು. ಮರುದಿನ ಬೆಳಗಾಗುತ್ತಲೇ ಟಂಟಂ ಆಟೋ ಬಂದು ಮನೆಯ ಮುಂದೆ ನಿಂತಿತು. ಸಿದ್ದಲಿಂಗವ್ವ ಇಳಿಯುವ ಮೊದಲೇ ಅಳಲು ಶುರು ಮಾಡಿದ್ದಳು.

"ಅಣ್ಣಾ! ನಮ್ಮಪ್ಪ ಲಿಂಗಪೂಜಿ ಇಲ್ದ ನೀರ ಮುಟ್ಟಲಿಲ್ಲೋ! ನೀ ಈ ವಯಸ್ಸಿನ್ಯಾಗ ಯಾರ ಮಾತ ಕೇಳಿದ್ಯೋ!"

ಈಶಪ್ಪನವರು ಗಾಬರಿಯಾದರು. "ಏನಾತ? ಯಾರ ಹೋದ್ರು?"

ನಿರ್ಮಲಾ ಅಳಲಿಲ್ಲ. ಸೀದಾ ಗಂಡನ ಮುಂದೆ ಬಂದು ನಿಂತಳು. "ಒಂದ ಕ್ಲಿಕ್ ಅಂದಿದ್ನಲ್ಲ, ಅದೂ ಇಲ್ಲ ಇನ್ನ. ಮೊದಲ ಆ ಡಬ್ಬಿ ನರಗುಂದಕ್ಕ ಮುಟ್ಟಿಸಿ ಬರ್ರಿ. ಇಲ್ಲಾ, ನಾ ರೋಣಕ್ಕ ಹೊಂಟೆ."

ಸಿದ್ದಲಿಂಗನಿಗೆ ಆಕಾಶ ಕಳಚಿ ಬಿದ್ದಂತಾಯಿತು. ಧರ್ಮ ಹೋದದ್ದಕ್ಕಲ್ಲ, ಕ್ಲಿಕ್ಕು ಹೋದದ್ದಕ್ಕೆ. ವಿವರಿಸಲು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಒಬ್ಬೊಬ್ಬರಾಗಿ ಜನ ಒಳಗೆ ಬರತೊಡಗಿದ್ದರು. ರೋಣದಿಂದ ಹಾಲೇಶ ಮೋಟಾರ್ ಸೈಕಲ್ ಮೇಲೆ ಬಂದ. ಮಠದ ಐದು ಮಂದಿ ಹಿರಿಯರು ಬಂದು ಕಂಬಳಿಯ ಮೇಲೆ ಕೂತರು. ಪಕ್ಕದ ಓಣಿಯ ಆಚಾರ್ಯರೊಬ್ಬರು ತುಳಸಿ ಸಸಿ ಹಿಡಿದು, ತುಂಬು ನಗೆಯಿಂದ ಬಾಗಿಲವರೆಗೆ ಬಂದು, ಒಳಗಿನ ಮುಖಗಳನ್ನು ನೋಡಿ, ಸಸಿಯೊಡನೆ ಹಾಗೇ ಮುಂದಿನ ಮನೆಗೆ ನಡೆದುಬಿಟ್ಟರು.

ಕೊನೆಗೆ ಬಂದವರು, ಮನೆಮನೆಯ ಜಾತಿ-ಧರ್ಮ ಬರೆದುಕೊಳ್ಳುವ ಸರ್ಕಾರಿ ಸಮೀಕ್ಷೆಯ ದೇವಿಕಾ ಟೀಚರು. ಎರಡು ದಿನದ ಹಿಂದಷ್ಟೇ ಇದೇ ಮನೆಯಲ್ಲಿ ಕೂತು, ಅರವತ್ತು ಪ್ರಶ್ನೆ ಕೇಳಿ, ಮೊಬೈಲಿನಲ್ಲಿ ತುಂಬಿಸಿಕೊಂಡು ಹೋಗಿದ್ದರು. ಈಗ ಅಳುವ ದನಿಯಲ್ಲಿ ಹೇಳಿದರು: "ಸರ್, ನಿಮ್ಮ ಫಾರ್ಮ್ ಸಬ್ಮಿಟ್ ಆಗಿಹೋಗೇತ್ರಿ. ಇನ್ನ ತಿದ್ದಾಕ ಬರೂದಿಲ್ಲ. ನೀವು ಬದಲಿ ಆಗೂದಿದ್ರ ಮೊನ್ನೆ ಹನ್ನೊಂದು ಗಂಟೇದೊಳಗ ಆಗಬೇಕಿತ್ರಿ!"

"ನಾವು ಬದಲಿ ಆಗಿಲ್ರಿ ಟೀಚರ!" ಎಂದ ಸಿದ್ದಲಿಂಗ.

"ಹಂಗಂತ ಬರದು ಸಹಿ ಮಾಡಿ ಕೊಡ್ರಿ. ಒಂಬತ್ತು ಮಂದಿ ಕುಟುಂಬ ಬಿಟ್ಟುಹೋದ್ರ ನನಗ ನೋಟಿಸ್ ಬರ್ತೈತಿ."

"ನಾವು ಮೂರ ಮಂದಿ ಅದೀವ್ರಿ!"

"ಮತ್ತ ಒಂಬತ್ತಂತ ಯಾರ ಬರಿಸಿದ್ರು?" ಎಂದು ಟೀಚರು ಕಂಗಾಲಾಗಿ ಮೊಬೈಲ್ ತಿಕ್ಕತೊಡಗಿದರು. ಮೊಮ್ಮಕ್ಕಳಿಲ್ಲವಲ್ಲ ಎಂಬ ಕೊರಗಿಗೆ ಆರು ಹೆಸರು ತಾವೇ ಸೇರಿಸಿದ್ದ ಈಶಪ್ಪನವರು ಮಾತ್ರ ಗೋಡೆಯ ಕಡೆ ನೋಡುತ್ತ ಕೂತರು.

ಹಿರಿಯರಲ್ಲಿ ಒಬ್ಬರು ಕೆಮ್ಮಿ ವಿಚಾರಣೆ ಶುರು ಮಾಡಿದರು. "ಈಶಪ್ಪ, ನಿನ್ನ ಹಣಿ ಮ್ಯಾಲೆ ಉದ್ದ ಗೆರಿ ಇತ್ತೋ ಇಲ್ಲೋ?"

"ನನ್ನ ಹಣಿ ನನಗ ಕಾಣ್ತೈತೇನೋ? ನನ್ನ ಮಗನ್ನ ಕೇಳು."

"ಸಿದ್ದಲಿಂಗ, ಯಾಕ ಎಳದಿ?"

"ಅಡ್ಡ ಗೆರಿ ಹೊಂದವಲ್ತು ಅಂತ ಎಳದೇನ್ರಿ."

ಮನೆ ತುಂಬ ಹಾಹಾಕಾರವೆದ್ದಿತು. ಅಜ್ಜ ಮುತ್ತಜ್ಜರ ಕಾಲದಿಂದ ಹೊಂದಿದ ಗೆರೆ ಇವನಿಗೆ ಹೊಂದಲಿಲ್ಲವಂತೆ! ಸಿದ್ದಲಿಂಗವ್ವ ಮತ್ತೊಮ್ಮೆ ಮೊದಲಿನಿಂದ ಅತ್ತಳು. ಹಾಲೇಶ ನಡುವೆ ಬಾಯಿ ಹಾಕಿದ: "ಮಾಮಾರ, ಈ ಬುದ್ಧಿ ಯಾರ ಹೇಳಿಕೊಟ್ರು? ಹೆಸರ ಹೇಳ್ರಿ."

"ನರಗುಂದದ ಸಲಾವುದ್ದೀನ ಚಾಚಾ."

ಐದು ಮಂದಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಭೂತಿಯವರಿಗೆ ನಾಮ ಹಚ್ಚಿಸಲು ಒಬ್ಬ ಸಾಬರು ಯಾಕೆ ಇಷ್ಟು ಕಷ್ಟಪಡುತ್ತಾರೆ ಎಂಬುದು ಅವರ ಎಪ್ಪತ್ತು ವರ್ಷದ ಅನುಭವಕ್ಕೆ ಸಿಗುವ ವಿಷಯವಾಗಿರಲಿಲ್ಲ. ಆ ಮನುಷ್ಯನನ್ನೇ ಕರೆಸಬೇಕೆಂದು ತೀರ್ಮಾನವಾಯಿತು. ಕ್ಯಾಮೆರಾ ಅವನ ಕೈಗೇ ವಾಪಸ್ ಹೋಗಬೇಕೆಂದು ಎರಡನೆಯ ತೀರ್ಮಾನವಾಯಿತು. ಹಾಲೇಶ ಫೋನು ಹಚ್ಚಿದ. ಅದುವರೆಗೆ ನಿರ್ಮಲಾ ಎರಡು ಸಲ ಚಹಾ ಕುದಿಸಿದ್ದಳು.

ಮಧ್ಯಾಹ್ನದ ಬಸ್ಸಿಗೆ ಸಲಾವುದ್ದೀನ ಚಾಚಾ ಬಂದ. ಸಿದ್ದಣ್ಣನ ಮನೆಯಲ್ಲಿ ಅವಸರವೆಂದು ಮಾತ್ರ ತಿಳಿದು, ಯಾರಿಗೋ ಜೀವಕ್ಕೆ ಆಗಿದೆಯೆಂದು ಎರಡು ಎಳನೀರು ಹಿಡಿದುಕೊಂಡು ಬಂದಿದ್ದ. ಸಂಗತಿ ಕೇಳಿ ಎಳನೀರನ್ನು ನೆಲಕ್ಕಿಟ್ಟು ಹಣೆ ಚಚ್ಚಿಕೊಂಡ.

"ಸಿದ್ದಣ್ಣ! ಉದ್ದ ಗೆರಿ ಹಿಡೀರಿ ಅಂದೆ, ಎಳೀರಿ ಅಂದೇನ? ಬಾಗಲ ಚೌಕಟ್ಟ ಇರ್ತೈತಿ, ಅಂಗಿ ಗುಂಡಿ ಸಾಲ ಇರ್ತೈತಿ. ಮಾರಿ ಫೋಟೋಕ್ಕ ಕಣ್ಣ ಇರ್ತಾವಲ್ರಿ, ಕಣ್ಣ! ಎರಡ ಕಣ್ಣ ದೇವ್ರು ಮಾರಿ ಮ್ಯಾಲೆ ಇಟ್ಟಿರಬೇಕಾದ್ರ ಹಣಿ ಮ್ಯಾಲ ಚಾಕ್‌ಪೀಸಿನ್ಯಾಗ ಬರೀತಾರೇನ್ರಿ!"

"ಏನ ಹೊಂದೂದು, ಏನ ಹಿಡಿಯೂದು? ನಮಗೊಂದೂ ತಿಳಿವಲ್ದು," ಎಂದರು ಹಿರಿಯರು.

"ನೀವ ನೋಡ್ರಿ." ಚಾಚಾ ಕ್ಯಾಮೆರಾಕ್ಕೆ ರಷ್ಯಾದ ಲೆನ್ಸು ತಿರುಗಿಸಿ ಕೂರಿಸಿ, ಮೊದಲ ಹಿರಿಯರ ಕೈಗೆ ಕೊಟ್ಟ. ಅವರು ಒಲ್ಲದ ಮನಸ್ಸಿನಿಂದ ಒಂದು ಕಣ್ಣು ಮುಚ್ಚಿ, ಕಿಂಡಿಯಲ್ಲಿ ಈಶಪ್ಪನವರನ್ನು ನೋಡಿದರು.

"ಏ, ಈಶಪ್ಪ ಇಬ್ಬರಾಗ್ಯಾನ!"

"ಬಳೀ ತಿರುವ್ರಿ."

"ಸರದ! ಸರದ! ಬಂದಾ, ಬಂದಾ... ಒಬ್ಬನಾದಾ!" ಎಂದು ಹಿರಿಯರು ಕೂತಲ್ಲಿಂದ ಎದ್ದೇಬಿಟ್ಟರು. ಎರಡನೆಯವರು ಕೈಚಾಚಿದರು. ಮೂರನೆಯವರು ತಮ್ಮದು ಮೊದಲು ಎಂದರು. ನಾಲ್ಕನೆಯವರು ವಿಭೂತಿ ನೋಡಿ, "ಹೌದೋ, ಅಡ್ಡ ಗೆರಿ ಯಾವಾಗ್ಲೂ ಕೂಡೇ ಇರ್ತೈತಿ!" ಎಂದು ಭಕ್ತಿಯಿಂದ ಕೈಮುಗಿದರು. ದೇವಿಕಾ ಟೀಚರು ಮೊಬೈಲ್ ಕೆಳಗಿಟ್ಟು ಸಾಲಿನಲ್ಲಿ ನಿಂತರು. ಸಿದ್ದಲಿಂಗವ್ವ ಅಳು ನಿಲ್ಲಿಸಿ, ಕ್ಯಾಮೆರಾ ಕಸಿದುಕೊಂಡು ಹಾಲೇಶನನ್ನು ಒಂದು ಮಾಡುವುದು, ಎರಡು ಮಾಡುವುದು, ಮತ್ತೆ ಒಂದು ಮಾಡುವುದು ನಡೆಸಿದಳು. "ನನ್ನ ಫೋಟೋ ಯಾವಾಗ ತಗೀತಿ?" ಎಂದು ಐದೂ ಹಿರಿಯರು ಸಿದ್ದಲಿಂಗನನ್ನು ಕೇಳಿದರು. ಧರ್ಮದ ವಿಚಾರ ಎಲ್ಲಿ ಹೋಯಿತೋ ಯಾರಿಗೂ ನೆನಪಿರಲಿಲ್ಲ.

ಆಗ ಮೂರನೆಯ ಸಲದ ಚಹಾದ ತಟ್ಟೆ ಧಡಕ್ಕೆಂದು ನೆಲಕ್ಕೆ ಕೂತಿತು. ನಿರ್ಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಂಗಳದ ಬೆಳಕು ಆಕೆಯ ಮುಖದ ಮೇಲೆ ಬಿದ್ದಿತ್ತು.

"ಏನ್ರಿ ಹಿರೇರ! ಮುಂಜಾನಿಂದ ನಮ್ಮ ಮನಿತನಾ ಕೆಡ್ತು ಅಂದ್ರಿ, ಧರ್ಮ ಕೆಡ್ತು ಅಂದ್ರಿ. ಈಗ ನೋಡಿದ್ರ ಆ ಕಿಂಡ್ಯಾಗ ಇಣಕಾಕ ಪಾಳಿ ಹಚ್ಚೀರಿ! ಗೆರಿ ಯಾಕ ಎಳದ್ರು ಇವ್ರು? ನನ್ನ ಒಂದ ಫೋಟೋದ ಸಲುವಾಗಿ! ಅದನ್ನ ಕೇಳಿದ್ರೇನು ಯಾರರ? ಇಪ್ಪತ್ನಾಕ ವರ್ಷಾತು, ನಗೂದಿದ್ರ ನನ್ನ ಕಣ್ಣ ನೋಡಿ ನಗತೀರಿ. ಹಾಲೇಶಣ್ಣ, ನೀನೂ ನಕ್ಕಿ! ನೋಡ್ರಿ ಈಗ! ಬಿಟ್ಟೀನಿ ನೋಡ್ರಿ ಕಣ್ಣ!"

ನಿಜಕ್ಕೂ ಬಿಟ್ಟಿದ್ದಳು. ಅಂಥ ಕಣ್ಣು ಗಜೇಂದ್ರಗಡ ಹಿಂದೆ ನೋಡಿರಲಿಲ್ಲ. ಹಿರಿಯರು ಒಬ್ಬರ ಹಿಂದೆ ಒಬ್ಬರು ಸರಿದರು. ಸಿದ್ದಲಿಂಗ ಮಾತ್ರ ಹಿಂದೆ ಸರಿಯಲಿಲ್ಲ. ಅತ್ತೆಯ ಕೈಯಿಂದ ಕ್ಯಾಮೆರಾ ಕಿತ್ತುಕೊಂಡ. ಕಿಂಡಿಯಲ್ಲಿ ನಾಲ್ಕು ಕಣ್ಣು ಕಂಡವು, ನಾಲ್ಕೂ ಬೈಯುತ್ತಿದ್ದವು. ಬಳೆ ತಿರುಗಿಸಿದ. ನಾಲ್ಕು ಸರಿದು ಎರಡಾದವು. ಹಣೆ ನೋಡಲಿಲ್ಲ, ಕುಂಕುಮ ನೋಡಲಿಲ್ಲ, ಉಸಿರು ಹಿಡಿದು ಒತ್ತಿಬಿಟ್ಟ.

ಟಕ್.

ನಿರ್ಮಲಾ ಕೇಳಿದಳು: "ತಗದ್ರೇನು?"

"ತಗದೆ."

"ಅದ ಒಂದ ಕ್ಲಿಕ್ಕು. ಮುಗೀತು." ಎಂದು ಒಳಗೆ ಹೋದಳು.

ರೀಲು ಚಾಚಾನ ಜೊತೆ ನರಗುಂದಕ್ಕೆ ಹೋಯಿತು. ಒತ್ತಿದ ಗಳಿಗೆಯಲ್ಲಿ ಆಕೆ ಕಣ್ಣು ಮಿಟುಕಿಸಿದ್ದಳೋ ಇಲ್ಲವೋ ಎಂಬುದು ಸಿದ್ದಲಿಂಗನಿಗೆ ಗೊತ್ತಿರಲಿಲ್ಲ, ಚಾಚಾನಿಗೆ ಗೊತ್ತಿರಲಿಲ್ಲ, ರೀಲಿಗೆ ಮಾತ್ರ ಗೊತ್ತಿತ್ತು. ನಾಲ್ಕು ದಿನ ಸಿದ್ದಲಿಂಗ ಸೀರೆ ಕೇಳಿದವರಿಗೆ ಲುಂಗಿ ತೋರಿಸಿದ. ಐದನೆಯ ದಿನ ಫೋನು ಮಾಡಿದರೆ ಚಾಚಾ, "ಬಂದ ನೋಡ್ರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಸಿದ್ದಲಿಂಗ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಬಸ್ಸು ಹತ್ತಿದ.

ಚಾಚಾ ದೊಡ್ಡದಾಗಿ ಅಚ್ಚು ಹಾಕಿಟ್ಟಿದ್ದ. ಹಿಂದಿನ ಅಡುಗೆಮನೆಯೆಲ್ಲ ಮೋಡವಾಗಿತ್ತು. ಮುಂದೆ ನಿರ್ಮಲಾ ಇದ್ದಳು. ಎರಡೂ ಕಣ್ಣು ಪೂರ್ತಿ ಬಿಟ್ಟು, ಸಿಟ್ಟಿನಿಂದ, ರೆಪ್ಪೆಯ ಒಂದೊಂದು ಕೂದಲೂ ಕಾಣುವಂತೆ, ಸೀದಾ ಅವನನ್ನೇ ನೋಡುತ್ತಿದ್ದಳು. ಆ ಸಿಟ್ಟಿನ ಅಂಚಿನಲ್ಲಿ ಎಲ್ಲೋ ಒಂದು ನಗುವೂ ಇತ್ತು. ಇಪ್ಪತ್ನಾಲ್ಕು ವರ್ಷ ದಿನಾ ನೋಡಿದ ಮುಖವನ್ನು ತಾನು ಹೀಗೆ ನಿಂತು ನೋಡಿದ್ದೇ ಇಲ್ಲವೆಂದು ಸಿದ್ದಲಿಂಗನಿಗೆ ಆಗ ಗೊತ್ತಾಯಿತು. ಎಮ್ಮೆ, ಕರು ಎರಡನ್ನೂ ಚಾಚಾನಿಗೆ ಒಪ್ಪಿಸಿ, ಗೀರುಬಿದ್ದ ಆಡನ್ನು ಎದೆಗೊತ್ತಿಕೊಂಡು ಮನೆಗೆ ಬಂದ.

ನಿರ್ಮಲಾ ಹಿಟ್ಟಿನ ಕೈ ಒರೆಸಿಕೊಂಡು ಫೋಟೋ ಹಿಡಿದಳು. ಬಹಳ ಹೊತ್ತು ನೋಡಿದಳು. ಕಿಟಕಿಯ ಹತ್ತಿರ ಒಯ್ದು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಮದುವೆಯಾದ ಮೇಲೆ ಅವನು ಕೇಳಿರದಂಥ ಸಣ್ಣ ದನಿಯಲ್ಲಿ ಕೇಳಿದಳು: "ಖರೇ ಹೇಳ್ರಿ. ಇಷ್ಟ ಚೆಂದ ಅದೀನೇನ್ರಿ ನಾ?"

ದಾರಿಯುದ್ದಕ್ಕೂ ಸಿದ್ದಲಿಂಗ ಹೇಳಬೇಕೆಂದುಕೊಂಡ ಮಾತುಗಳು ನೂರಿದ್ದವು. ಅವೆಲ್ಲ ಒಮ್ಮೆಲೇ ಬಾಯಿಗೆ ಬಂದು, ಬಾಗಿಲಲ್ಲಿ ಒಂದಕ್ಕೊಂದು ಸಿಕ್ಕಿಕೊಂಡವು. ಕೊನೆಗೆ ಹೊರಗೆ ಬಿದ್ದದ್ದು ಇಷ್ಟು:

"ಲೆನ್ಸ ಭಾಳ ಚಲೋ ಐತಿ."

ನಿರ್ಮಲಾ ಎರಡೂ ಕಣ್ಣು ಬಿಟ್ಟು ಅವನನ್ನು ನೋಡಿದಳು. ಈ ಸಲ ಹೊಂದಿಸುವ ಅವಶ್ಯಕತೆಯೇ ಇರಲಿಲ್ಲ.

"ಹೌದೇನ? ಹಂಗಾರ ಇವತ್ತಿನ ರೊಟ್ಟೀನೂ ಅದ ಬಡೀಲಿ."

ಫೋಟೋ ಹಿಡಿದುಕೊಂಡು ಒಳಗೆ ಹೋದಳು. ಸಿದ್ದಲಿಂಗ ಕೈಯಲ್ಲಿದ್ದ ಲೆನ್ಸನ್ನು ನೋಡಿದ, ಅಡುಗೆಮನೆಯನ್ನು ನೋಡಿದ, ಮತ್ತೆ ಲೆನ್ಸನ್ನು ನೋಡಿದ. ಒಳಗಿನಿಂದ ಆಕೆ ಹಾಲೇಶನಿಗೆ ಫೋನು ಹಚ್ಚಿದ್ದು ಕೇಳಿಸಿತು: "ಅಣ್ಣಾ, ಪಡಸಾಲ್ಯಾಗ ಮೊಳಿ ಹೊಡದ ಇಡು. ದೊಡ್ಡದ ಹೊಡಿ. ಹೂಂ, ಬಿಟ್ಟೀನಿ. ಎರಡೂ! ಯಾರ ತಗದ್ರಂದ್ರ? ನಮ್ಮವ್ರ ತಗದಾರ!" ಎಂದು ಹೇಳಿ ಜೋರಾಗಿ ನಕ್ಕಳು.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಬಡಿಯುತ್ತಿದ್ದುದು ಲೆನ್ಸಂತೂ ಆಗಿರಲಿಲ್ಲ. ಅದು ಸಿದ್ದಲಿಂಗನ ಕೈಯಲ್ಲೇ ಇತ್ತು.